ಬಾಲರಾಜನೂ ಬೊಕ್ಕಸವೂ

ಮಕ್ಕಳ ಕೈಗೆ ಹಣ ಕೊಡಬೇಕೇ? ಕೊಡುವುದಾದರೆ ಯಾವ ವಯಸ್ಸಿನಿಂದ? ಕೊಟ್ಟ ಮೇಲೆ ಲೆಕ್ಕ ಕೇಳಬೇಕೇ, ಬಿಟ್ಟುಬಿಡಬೇಕೇ? ಇವು ಅಂಗಡಿಯ ತಿಂಡಿ ಪೊಟ್ಟಣ, ಮೊಬೈಲ್ ರೀಚಾರ್ಜುಗಳ ಕಾಲದ ತಂದೆತಾಯಂದಿರಿಗೆ ಮಾತ್ರ ಎದುರಾದ ಪ್ರಶ್ನೆಗಳೆಂದು ನಾವು ಭಾವಿಸುವುದುಂಟು. ಆದರೆ ಒಂದೂಮುಕ್ಕಾಲು ಶತಮಾನದ ಹಿಂದೆ ನಮ್ಮ ಕೃಷ್ಣಾ ತೀರದಲ್ಲಿಯೇ ಈ ಪ್ರಶ್ನೆ ಒಬ್ಬ ಹುಡುಗನ ಬಾಳಿನಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ಎದ್ದು ನಿಂತಿತ್ತು. ಅದಕ್ಕೆ ದೊರೆತ ಉತ್ತರದ ಬೆಲೆಯನ್ನು ಅವನೂ ತೆತ್ತನು, ಅವನ ನಾಡೂ ತೆತ್ತಿತು. ಆ ಕಥೆಯನ್ನು ಸಾಮಾನ್ಯವಾಗಿ ಯುದ್ಧದ ಕಥೆಯಾಗಿ ಹೇಳುತ್ತಾರೆ. ಅದನ್ನು ಹಣದ ಕಥೆಯಾಗಿಯೂ ಓದಬಹುದು ಎಂಬುದು ಈ ಲೇಖನದ ಉದ್ದೇಶ.

ಲಿಂಗಸೂಗೂರಿನಿಂದ ಸುರಪುರದ ಕಡೆಗೆ ಹೊರಟವರಿಗೆ ದಾರಿಯಲ್ಲಿ ಗುರುಗುಂಟಾ ಸಿಗುತ್ತದೆ. ಅಮರೇಶ್ವರನ ಜಾತ್ರೆಗೆ ಹೋಗುವವರಿಗೆಲ್ಲ ಪರಿಚಿತವಾದ ಊರು. ನಿಜಾಮರ ಆಳ್ವಿಕೆಯಲ್ಲಿ ಇದು ಬೇಡ ನಾಯಕರ ಒಂದು ಚಿಕ್ಕ ಸಂಸ್ಥಾನವಾಗಿತ್ತು. ಇನ್ನೂ ಮುಂದೆ ಸಾಗಿ, ತಿಂಥಣಿ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿದರೆ ಸುರಪುರ. ಅದೂ ಬೇಡ ನಾಯಕರದೇ ಸಂಸ್ಥಾನ. ಆದರೆ ಹಿರಿದು, ಹೆಸರುವಾಸಿಯಾದದ್ದು, ಸಾವಿರಾರು ಬೇಡ ಯೋಧರ ಬಲವಿದ್ದದ್ದು. ಹೊಳೆಯ ಈಚೆಯ ಗುರುಗುಂಟಾ, ಆಚೆಯ ಸುರಪುರ, ಲಿಂಗಸೂಗೂರಿನ ದಂಡಿನ ಠಾಣೆ ಇವೆಲ್ಲ ಒಂದೇ ಚರಿತ್ರೆಯ ಪಾತ್ರಗಳು. ಆ ಚರಿತ್ರೆಯ ಬೆನ್ನೆಲುಬು ಸಾಲ ಎಂದರೆ ತಪ್ಪಾಗದು.

ಏಕೆಂದರೆ ಆ ದಿನಗಳಲ್ಲಿ ಈ ನೆಲವೇ ಸಾಲಕ್ಕೆ ಒತ್ತೆ ಬಿದ್ದಿತ್ತು. ಇಂಗ್ಲಿಷ್ ಅಧಿಕಾರಿಗಳ ಕೈಕೆಳಗಿದ್ದ ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ಖರ್ಚನ್ನು ನಿಜಾಮ ಸರ್ಕಾರ ಭರಿಸಬೇಕಾಗಿತ್ತು. ಬಾಕಿ ಬೆಳೆಯುತ್ತ ಹೋಯಿತು. ಕಡೆಗೆ 1853ರ ಮೇ ತಿಂಗಳ ಒಪ್ಪಂದದಂತೆ ನಿಜಾಮನು ವರ್ಹಾಡವನ್ನೂ ರಾಯಚೂರು ದೋಆಬನ್ನೂ ಮತ್ತೆ ಕೆಲವು ಭಾಗಗಳನ್ನೂ ಕಂಪನಿಯ ಆಡಳಿತಕ್ಕೆ ಒಪ್ಪಿಸಿದನು. ದೋಆಬು ಎಂದರೆ ಕೃಷ್ಣಾ ತುಂಗಭದ್ರೆಗಳ ನಡುವಿನ ನಾಡು. ಲಿಂಗಸೂಗೂರು, ಮುದಗಲ್ಲು, ಗುರುಗುಂಟಾ ಎಲ್ಲವೂ ಅದರೊಳಗೇ. ಹೈದರಾಬಾದಿನಲ್ಲಿ ಯಾರೋ ಮಾಡಿದ ಸಾಲಕ್ಕೆ ಇಲ್ಲಿನ ರೈತನ ಹೊಲದ ಕಂದಾಯ ಬೇರೊಬ್ಬರ ಪಾಲಾಯಿತು. 1860ರಲ್ಲಿ ದೋಆಬು ಮರಳಿ ನಿಜಾಮನ ಕೈಸೇರಿತು. ಅದರ ಜೊತೆಗೆ 50 ಲಕ್ಷ ರೂಪಾಯಿ ಸಾಲವನ್ನೂ ಇಂಗ್ಲಿಷರು ಬಿಟ್ಟುಕೊಟ್ಟರು. ಅದೇ ವೇಳೆಗೆ ಸುರಪುರವನ್ನೂ ಅವನಿಗೆ ಬಹುಮಾನವಾಗಿ ಕೊಟ್ಟರು. ಆ ಸುರಪುರ ಬಹುಮಾನದ ವಸ್ತುವಾದದ್ದು ಹೇಗೆಂಬುದೇ ನಾವು ನೋಡಬೇಕಾದ ಸಂಗತಿ.

ಸುರಪುರದ ತೊಂದರೆಯೂ ಹಣದಿಂದಲೇ ಮೊದಲಾಯಿತು. 1828ರಲ್ಲಿ ಕೃಷ್ಣಪ್ಪ ನಾಯಕನು ಪಟ್ಟವೇರುವಾಗ, ಆ ಪಟ್ಟವನ್ನು ಮಾನ್ಯ ಮಾಡುವುದಕ್ಕಾಗಿ ನಿಜಾಮ ಸರ್ಕಾರ 15 ಲಕ್ಷ ರೂಪಾಯಿ ನಜರಾನೆ ಕೇಳಿತು. ಒಂದು ಚಿಕ್ಕ ಸಂಸ್ಥಾನಕ್ಕೆ ಇದು ತಲೆಯೆತ್ತಲಾಗದ ಹೊರೆ. ಸಾಹುಕಾರರ ಸಾಲ, ಬಾಕಿಯ ಮೇಲೆ ಬಾಕಿ, ಒತ್ತೆಬಿದ್ದ ಹಳ್ಳಿಗಳು ಹೀಗೆ ಹನ್ನೆರಡು ಹದಿಮೂರು ವರ್ಷ ಕಳೆದವು. 1840ರ ದಶಕದ ಆರಂಭದಲ್ಲಿ ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಅವನ ಮಗ ವೆಂಕಟಪ್ಪನಿಗೆ ಏಳೆಂಟರ ವಯಸ್ಸು. ತಾಯಿ ರಾಣಿ ಈಶ್ವರಮ್ಮ ಗಟ್ಟಿಗಿತ್ತಿ. ಆಡಳಿತ ಯಾರ ಕೈಯಲ್ಲಿರಬೇಕೆಂಬ ಬಗ್ಗೆ ಅರಮನೆಯಲ್ಲಿಯೇ ಎರಡು ಪಕ್ಷ. ಇಂತಹ ಹೊತ್ತಿನಲ್ಲಿ ಹೈದರಾಬಾದಿನ ರೆಸಿಡೆಂಟನು ಸುರಪುರದ ಉಸ್ತುವಾರಿಗೆಂದು ಕಳುಹಿಸಿದ ಅಧಿಕಾರಿಯೇ ಕ್ಯಾಪ್ಟನ್ ಫಿಲಿಪ್ ಮೆಡೋಸ್ ಟೇಲರ್.

ಟೇಲರನ ಹೆಸರನ್ನು ನಮ್ಮಲ್ಲಿ ಬಹಳ ಮಂದಿ ಕೇಳಿರುತ್ತಾರೆ. ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ 1839ರಲ್ಲಿ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದವನು. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಮನೆ ಇಂದಿಗೂ ಟೇಲರ್ ಮಂಜಿಲ್ ಎಂದೇ ಪ್ರಸಿದ್ಧ. ಆದರೆ ನಮ್ಮ ವಿಷಯಕ್ಕೆ ಬೇಕಾದದ್ದು ಅವನ ಬಾಲ್ಯ. 1808ರಲ್ಲಿ ಲಿವರ್‌ಪೂಲಿನ ವರ್ತಕನೊಬ್ಬನ ಮಗನಾಗಿ ಹುಟ್ಟಿದ ಅವನು ಶಾಲೆಯ ಪುಸ್ತಕದಿಂದ ಹಣವನ್ನು ಕಲಿಯಲಿಲ್ಲ. ತಂದೆಯ ವ್ಯಾಪಾರ ಕುಸಿಯಿತು. ಹುಡುಗ ಇನ್ನೂ ಎಳೆಯ ವಯಸ್ಸಿನಲ್ಲಿಯೇ ವ್ಯಾಪಾರ ಸಂಸ್ಥೆಯೊಂದರ ಕಚೇರಿಯಲ್ಲಿ ಗುಮಾಸ್ತನಾಗಿ ದುಡಿಯಬೇಕಾಯಿತು. ಹದಿನೈದು ತುಂಬಿದಾಗ, ಅಂದರೆ 1824ರಲ್ಲಿ, ಬೊಂಬಾಯಿಯ ವರ್ತಕನೊಬ್ಬನ ಬಳಿ ಮುಂದೆ ಪಾಲುದಾರನಾಗುವೆನೆಂಬ ಭರವಸೆಯಿಂದ ಹಡಗು ಹತ್ತಿದನು. ಇಳಿದು ನೋಡಿದರೆ ಆ ವರ್ತಕನೇ ಸಾಲದಲ್ಲಿ ಮುಳುಗಿದ್ದನು. ಪಾಲುದಾರಿಕೆಯ ಮಾತು ಗಾಳಿಗೆ ಹೋಯಿತು. ಬಂಧುವೊಬ್ಬರ ನೆರವಿನಿಂದ ನಿಜಾಮನ ಸೇನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಬದುಕಿಕೊಂಡನು. ಭೂಮಾಪನ, ಕಾನೂನು, ಈ ನಾಡಿನ ಭಾಷೆಗಳು ಹೀಗೆ ಮುಂದೆ ಕಲಿತದ್ದರಲ್ಲಿ ಬಹುಪಾಲು ಸ್ವಂತ ಪರಿಶ್ರಮದಿಂದ ಕಲಿತದ್ದು. ತಂದೆಯ ನಷ್ಟ, ಧಣಿಯ ಸಾಲ, ಪರದೇಶದ ಒಂಟಿತನ ಇವು ಅವನಿಗೆ ಲೆಕ್ಕ ಕಲಿಸಿದ ಗುರುಗಳು.

ಇಂತಹವನ ಕೈಗೆ ಬಾಲರಾಜ ವೆಂಕಟಪ್ಪ ಬಂದನು. ಹುಡುಗನು ಟೇಲರನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ಇದು ಬರಿಯ ಉಪಚಾರದ ಮಾತಾಗಿರಲಿಲ್ಲ ಎಂಬುದಕ್ಕೆ ಮುಂದಿನ ಘಟನೆಗಳೇ ಸಾಕ್ಷಿ. ಟೇಲರನು ಸುಮಾರು ಹನ್ನೆರಡು ವರ್ಷ ಸುರಪುರದಲ್ಲಿದ್ದು, ಐರೋಪ್ಯ ಸಹಾಯಕರಿಲ್ಲದೆಯೇ ಸಂಸ್ಥಾನವನ್ನು ನೆಟ್ಟಗೆ ಮಾಡಿದನು. ಹದಗೆಟ್ಟಿದ್ದ ಲೆಕ್ಕಪತ್ರಗಳನ್ನು ಸರಿಪಡಿಸಿದನು, ಕಂದಾಯದ ವ್ಯವಸ್ಥೆ ಮಾಡಿದನು, ಸಾಲಗಾರರ ಕಾಟವನ್ನು ತಗ್ಗಿಸಿದನು, ರಸ್ತೆ ಹಾಕಿಸಿದನು. ನಾಯಕರ ಕಾಲದ ಬೋನಾಳ ಕೆರೆಯನ್ನು ಅಭಿವೃದ್ಧಿಪಡಿಸಿದವನೂ ಅವನೇ. ಇಂದು ಅದು ಪಕ್ಷಿಧಾಮ. ಅವನು ಪರಕೀಯ ಪ್ರಭುತ್ವದ ನೌಕರ, ಅವನ ಉದ್ದೇಶಗಳಲ್ಲಿ ಆ ಪ್ರಭುತ್ವದ ಹಿತವೂ ಬೆರೆತಿತ್ತು ಎಂಬುದನ್ನು ಮರೆಯದೆಯೇ, ಕೆಲಸ ಚೆನ್ನಾಗಿ ಮಾಡಿದನೆಂದು ಒಪ್ಪಿಕೊಳ್ಳಬಹುದು.

ಆದರೆ ಇಲ್ಲಿಯೇ ಓದುಗರು ಒಂದು ಕ್ಷಣ ನಿಲ್ಲಬೇಕು. ಸಾಲ ತೀರಿಸಿದವನು ಯಾರು? ಟೇಲರ್. ಕಡತ ತಿದ್ದಿದವನು? ಟೇಲರ್. ಸಾಹುಕಾರನಿಗೆ ‘ಇಷ್ಟು ಸಲ್ಲುತ್ತದೆ, ಇಷ್ಟು ಸಲ್ಲದು’ ಎಂದವನೂ ಟೇಲರನೇ. ಹುಡುಗನಿಗೆ ಓದುಬರಹ ಕಲಿಸುವ ಪ್ರಯತ್ನ ನಡೆಯಿತು, ನಿಜ. ಆದರೆ ಅವನು ಬೆಳೆದ ವರ್ಷಗಳಲ್ಲಿ ಸಂಸ್ಥಾನದ ಒಂದೊಂದು ರೂಪಾಯಿಯೂ ಮತ್ತೊಬ್ಬರ ಬುದ್ಧಿಯಿಂದ ಉಳಿಯಿತು. ತಾನು ಉಳಿಸಿದ್ದರಿಂದ ಉಳಿಯಿತು ಎಂಬ ಅನುಭವಕ್ಕೆ ಅವನ ಬಾಲ್ಯದಲ್ಲಿ ಎಡೆ ಇದ್ದಂತೆ ನನಗೆ ತೋರುವುದಿಲ್ಲ. ಲಿವರ್‌ಪೂಲಿನ ಹುಡುಗ ಹದಿಮೂರು ಹದಿನಾಲ್ಕರ ಹೊತ್ತಿಗೆ ಪೆನ್ನು ಹಿಡಿದು ಪರರ ಲೆಕ್ಕ ಬರೆಯುತ್ತಿದ್ದ. ಸುರಪುರದ ಹುಡುಗನ ಲೆಕ್ಕವನ್ನು ಪರರು ಬರೆಯುತ್ತಿದ್ದರು.

ಇದರ ಜೊತೆಗೆ ಒಂದು ವಿಚಿತ್ರ ಸಂಗತಿಯನ್ನು ಟೇಲರನು ತನ್ನ ಆತ್ಮಕಥೆಯಲ್ಲಿ ಹೇಳಿದ್ದಾನೆ. ವೆಂಕಟಪ್ಪನು ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟಲಾರನೆಂದು ಅವನ ಜಾತಕದಲ್ಲಿ ಬರೆದಿದೆಯೆಂದು ಅರಮನೆಯವರು ನಂಬಿದ್ದರಂತೆ. ಇಂತಹ ನಂಬಿಕೆಗಳ ಸತ್ಯಾಸತ್ಯತೆಯ ಚರ್ಚೆ ನಮಗೆ ಬೇಡ. ಆದರೆ ನಾಳೆ ಇಲ್ಲವೆಂದು ಮನೆಯವರೇ ತೀರ್ಮಾನಿಸಿಬಿಟ್ಟ ಮಗುವಿಗೆ ಉಳಿತಾಯದ ಪಾಠ ಹೇಳುವವರಾರು? ಹೇಳಿದರೂ ಕೇಳುವ ಕಿವಿ ಎಲ್ಲಿಂದ ಬರಬೇಕು? ಪರೀಕ್ಷೆಯಲ್ಲಿ ಒಮ್ಮೆ ಸೋತ ಹುಡುಗನನ್ನು ‘ಇವನು ಉದ್ಧಾರವಾಗುವುದಿಲ್ಲ’ ಎಂದು ನೆಂಟರೆದುರು ಹೇಳುವ ಮನೆಗಳಲ್ಲಿಯೂ ನಡೆಯುವುದು ಇದೇ. ಅದಕ್ಕೆ ಜಾತಕವೇ ಬೇಕೆಂದಿಲ್ಲ.

1853ರಲ್ಲಿ ರಾಜ್ಯಾಡಳಿತವನ್ನು ವೆಂಕಟಪ್ಪ ನಾಯಕನಿಗೆ ಒಪ್ಪಿಸಲಾಯಿತು. ಆಗ ಅವನಿಗೆ ಹತ್ತೊಂಬತ್ತರ ಆಸುಪಾಸು. ತರುಣನ ಸಹವಾಸದ ಬಗ್ಗೆ ಟೇಲರನಿಗೆ ಆತಂಕವಿತ್ತು, ಆದರೂ ಹೊರಡಬೇಕಾಯಿತು. ಹೊಸದಾಗಿ ಕಂಪನಿಯ ಕೈಸೇರಿದ್ದ ನಳದುರ್ಗದ ಜಿಲ್ಲೆಗೆ ಅವನನ್ನು ನೇಮಿಸಿದ್ದರು. ನಿನ್ನೆಯವರೆಗೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ಕೈ ಇಂದು ಇಲ್ಲ. ನಿನ್ನೆಯವರೆಗೆ ಏನನ್ನೂ ನೋಡಿಕೊಳ್ಳದ ಕೈಗೆ ಇಂದು ಎಲ್ಲವೂ ಬಂದಿದೆ. ಮುಂದೆ ಆದದ್ದನ್ನು ವಿಸ್ತರಿಸಬೇಕಾಗಿಲ್ಲ. ಹೊಗಳುಭಟರು ಸೇರಿದರು, ಅರಬ್ ಮತ್ತು ರೋಹಿಲ್ಲಾ ಬಾಡಿಗೆ ಸೈನಿಕರು ಬಂದು ಸೇರಿದರು, ಕೆಲವೇ ವರ್ಷಗಳಲ್ಲಿ ಆಡಳಿತ ಹದಗೆಟ್ಟು ಸಾಲ ಮತ್ತೆ ತಲೆಯೆತ್ತಿತು. ಟೇಲರನ ಹನ್ನೆರಡು ವರ್ಷಗಳ ದುಡಿಮೆ ನಾಲ್ಕೈದು ವರ್ಷಗಳಲ್ಲಿ ಕರಗಿತು.

ಇಲ್ಲಿಗೆ ನಿಲ್ಲಿಸಿದರೆ ಇದು ದುಂದುಗಾರನೊಬ್ಬನ ಕಥೆಯಾಗಿಬಿಡುತ್ತದೆ. ತರುಣನಿಗೆ ಹಣ ಸಿಕ್ಕರೆ ಹೀಗೆಯೇ ಆಗುತ್ತದೆಂದು ನಾವು ತಲೆಯಾಡಿಸಿ ಸುಮ್ಮನಾಗುತ್ತೇವೆ. ಹಾಗಾಗಬಾರದೆಂದೇ ಅದೇ ಕಾಲದ ಇನ್ನೊಬ್ಬ ತರುಣನನ್ನು ನೋಡಬೇಕು. ವೆಂಕಟಪ್ಪನು ಅಧಿಕಾರ ಪಡೆದ ಆ 1853ನೆಯ ಇಸವಿಯಲ್ಲಿಯೇ, ದೋಆಬನ್ನು ಒಪ್ಪಿಸಿದ ಒಪ್ಪಂದದ ಬೆನ್ನಿಗೇ, ಹೈದರಾಬಾದಿನ ದಿವಾನನಾದವನು ಮೀರ್ ತುರಾಬ್ ಅಲಿ ಖಾನ್. ಚರಿತ್ರೆಯಲ್ಲಿ ಅವನ ಹೆಸರು ಸಾಲಾರ್ ಜಂಗ್. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಅವನಿಗೂ ಎಳವೆಯಲ್ಲಿಯೇ ತಂದೆ ಇಲ್ಲದಾಗಿ, ಚಿಕ್ಕಪ್ಪನ ಆಶ್ರಯದಲ್ಲಿ ಬೆಳೆದವನು. ವೆಂಕಟಪ್ಪನಿಗೆ ಸುಧಾರಿಸಿದ ಸಂಸ್ಥಾನ ಸಿಕ್ಕಿತು. ಸಾಲಾರ್ ಜಂಗನಿಗೆ ಸಿಕ್ಕಿದ್ದು ದಿವಾಳಿಯ ಅಂಚಿನಲ್ಲಿದ್ದ ಸರ್ಕಾರ. ಕಂದಾಯದ ಎಷ್ಟೋ ತಾಲೂಕುಗಳು ಸಾಲಕ್ಕಾಗಿ ಅರಬ್ ಸರದಾರರ ಹಿಡಿತದಲ್ಲಿದ್ದವು. ಅವನು ಅವುಗಳನ್ನು ಒಂದೊಂದಾಗಿ ಬಿಡಿಸಿಕೊಂಡನು, ಬಾಕಿಗಳನ್ನು ತೀರಿಸುತ್ತ ಬಂದನು. 1865ರಲ್ಲಿ ಜಿಲ್ಲಾಬಂದಿ ಎಂಬ ಜಿಲ್ಲೆಗಳ ಆಡಳಿತವನ್ನು ತಂದನು. ಆ ಏರ್ಪಾಟಿನಲ್ಲಿಯೇ ನಮ್ಮ ಲಿಂಗಸೂಗೂರು ಜಿಲ್ಲಾ ಕೇಂದ್ರವಾಗಿ, 1905ರಲ್ಲಿ ರಾಯಚೂರಿಗೆ ಸೇರುವವರೆಗೂ ಹಾಗೆಯೇ ಉಳಿಯಿತು. 1883ರಲ್ಲಿ ತೀರಿಕೊಳ್ಳುವವರೆಗೆ ಮೂವತ್ತು ವರ್ಷ ಅವನೇ ದಿವಾನ.

ಇಬ್ಬರ ನಡುವಣ ವ್ಯತ್ಯಾಸವನ್ನು ಹುಟ್ಟುಗುಣಕ್ಕೆ ಕಟ್ಟಿಬಿಡುವುದು ಸುಲಭ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಒಂದು ಸಣ್ಣ ಸಂಗತಿ. ದಿವಾನನಾಗುವುದಕ್ಕೆ ಐದು ವರ್ಷ ಮೊದಲು, ಹತ್ತೊಂಬತ್ತರ ವಯಸ್ಸಿನಲ್ಲಿ, ಸಾಲಾರ್ ಜಂಗನನ್ನು ಖಮ್ಮಮ್ಮಿನ ತಾಲೂಕುದಾರನನ್ನಾಗಿ ನೇಮಿಸಿದ್ದರು. ಕೆಲವೇ ತಿಂಗಳ ಕೆಲಸ. ಆ ಬಳಿಕ ತನ್ನ ಮನೆತನದ ಜಾಗೀರುಗಳನ್ನು ತಾನೇ ನೋಡಿಕೊಂಡನು. ಕಂದಾಯ ಬಾರದಿದ್ದರೆ ಏನಾಗುತ್ತದೆ, ಗುಮಾಸ್ತನು ಎಲ್ಲಿ ಮರೆಮಾಚುತ್ತಾನೆ, ಬರಗಾಲದ ವರ್ಷ ರೈತನಿಂದ ಎಷ್ಟು ಕೇಳಬಹುದು ಎಂಬುದನ್ನೆಲ್ಲ ಅವನು ಒಂದು ಸಣ್ಣ ಸೀಮೆಯಲ್ಲಿ, ತಪ್ಪಿದರೆ ಸಣ್ಣ ನಷ್ಟವಾಗುವಲ್ಲಿ ಕಲಿಯಬಹುದಿತ್ತು. ವೆಂಕಟಪ್ಪನಿಗೆ ಅಂತಹ ಖಮ್ಮಮ್ ಒಂದು ಸಿಗಲಿಲ್ಲ. ಅವನು ಮಾಡಿದ ಮೊದಲ ತಪ್ಪೇ ಇಡೀ ಸಂಸ್ಥಾನದ ಗಾತ್ರದ್ದಾಯಿತು.

ಆದರೂ ಇವರಲ್ಲಿ ಒಬ್ಬನನ್ನು ಒಳ್ಳೆಯ ಹುಡುಗನೆಂದೂ ಇನ್ನೊಬ್ಬನನ್ನು ಕೆಟ್ಟ ಹುಡುಗನೆಂದೂ ಪಾಠದ ಪುಸ್ತಕಕ್ಕೆ ಸೇರಿಸಲು ಹೊರಟರೆ ಚರಿತ್ರೆ ಒಪ್ಪುವುದಿಲ್ಲ. 1857ರ ಬೆಂಕಿ ದಕ್ಷಿಣಕ್ಕೂ ಹರಡಿತು. ವೆಂಕಟಪ್ಪ ನಾಯಕನು ಬಂಡಾಯದವರ ಪಕ್ಷ ಹಿಡಿದನು. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಕಾಳಗ ನಡೆಯಿತು. ಲಿಂಗಸೂಗೂರಿನ ಠಾಣೆಯಿಂದ ಕ್ಯಾಪ್ಟನ್ ವಿಂಡಮನ ತುಕಡಿ ಬಂದಿತ್ತು, ಬೇರೆ ದಿಕ್ಕುಗಳಿಂದ ಬೇರೆ ಪಡೆಗಳು ಬಂದವು. ಕ್ಯಾಪ್ಟನ್ ನ್ಯೂಬರಿ ಮೊದಲಾದ ಇಂಗ್ಲಿಷ್ ಅಧಿಕಾರಿಗಳು ಅಲ್ಲಿ ಬಿದ್ದರು. ಕೋಟೆ ಉಳಿಯಲಿಲ್ಲ. ರಾಜನು ತಪ್ಪಿಸಿಕೊಂಡು ಹೈದರಾಬಾದಿಗೆ ಹೋದನು. ಅಲ್ಲಿ ಬೀದಿಯಲ್ಲಿ ಸೆರೆಸಿಕ್ಕನು. ಹಿಡಿದವರು ಸಾಲಾರ್ ಜಂಗನ ಕಡೆಯವರು. ಅವರು ಅವನನ್ನು ಇಂಗ್ಲಿಷ್ ರೆಸಿಡೆಂಟನಿಗೆ ಒಪ್ಪಿಸಿದರು. ಲೆಕ್ಕ ಬಲ್ಲ ತರುಣನು ಲೆಕ್ಕ ತಪ್ಪಿದ ತರುಣನನ್ನು ಪರಕೀಯರ ಕೈಗೆ ಕೊಟ್ಟನು. ಇಂದು ಕರ್ನಾಟಕವು ಸ್ವಾತಂತ್ರ್ಯದ ಕಲಿಯೆಂದು ಸ್ಮರಿಸುವುದು ವೆಂಕಟಪ್ಪ ನಾಯಕನನ್ನು. ಹಣದಲ್ಲಿ ಜಾಣನಾದವನು ಎಲ್ಲದರಲ್ಲಿಯೂ ಹಿರಿಯನೆಂದು ಮಕ್ಕಳಿಗೆ ಕಲಿಸುವವರು ಈ ಘಟನೆಯ ಮುಂದೆ ಸ್ವಲ್ಪ ತಡವರಿಸಬೇಕಾಗುತ್ತದೆ.

ಸೆರೆಯಲ್ಲಿದ್ದ ರಾಜನನ್ನು ಟೇಲರನು ಹೋಗಿ ಕಂಡನು. ಆ ಭೇಟಿಯ ವಿವರವನ್ನು ಅವನೇ ಬರೆದಿಟ್ಟಿರುವುದರಿಂದ ನಾವು ರಾಜನ ಮಾತನ್ನು ಟೇಲರನ ಬಾಯಿಂದಲೇ ಕೇಳಬೇಕಾಗಿದೆ. ತರುಣನು ‘ಅಪ್ಪಾ’ ಎಂದು ಅತ್ತನಂತೆ. ಬಂಡಾಯಕ್ಕೆ ಪ್ರೇರಿಸಿದವರ ಹೆಸರು ಹೇಳಿದರೆ ಶಿಕ್ಷೆ ಹಗುರವಾದೀತೆಂಬ ಮಾತು ಬಂದಾಗ ಅವನು ಒಪ್ಪಲಿಲ್ಲ. ಮಾಡಿದ್ದು ತಾನು, ಅದಕ್ಕೆ ಇನ್ನೊಬ್ಬರನ್ನು ಎಳೆಯಲಾರೆನೆಂದನು. ಸಾವಿಗೆ ಅಂಜುವುದಿಲ್ಲ, ಆದರೆ ಕಳ್ಳನಂತೆ ನೇಣಿಗೆ ಹಾಕಬೇಡಿರೆಂದು ಕೇಳಿಕೊಂಡನು. ಮೊದಲು ಮರಣದಂಡನೆ, ಅನಂತರ ಗಡೀಪಾರು, ಕೊನೆಗೆ ಗವರ್ನರ್ ಜನರಲನ ಆಜ್ಞೆಯಿಂದ ನಾಲ್ಕು ವರ್ಷಗಳ ಸೆರೆ ಎಂದಾಯಿತು. ಆ ಸೆರೆಮನೆಯ ಕಡೆಗೆ ಕರೆದೊಯ್ಯುತ್ತಿದ್ದ ದಾರಿಯಲ್ಲಿ, ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ವೆಂಕಟಪ್ಪ ನಾಯಕನ ಪ್ರಾಣ ಹೋಯಿತು. ತಾನೇ ಹಾರಿಸಿಕೊಂಡನೆಂಬುದು ಇಂಗ್ಲಿಷರ ದಾಖಲೆ. ಇಪ್ಪತ್ತನಾಲ್ಕರ ಪ್ರಾಯ.

ನಮ್ಮ ಓದುಗರಿಗೆ ಇಲ್ಲಿ ಲೂಕನ ಶುಭಸಂದೇಶದ ದುಂದುಗಾರ ಮಗ ನೆನಪಾಗಬಹುದು. ಆ ಸಾಮತಿಯಲ್ಲಿಯೂ ಕಿರಿಯ ಮಗನಿಗೆ ಆಸ್ತಿ ಒಮ್ಮೆಗೇ ಕೈಸೇರಿತ್ತು. ಅವನಿಗೆ ತಿರುಗಿ ಬರಲು ಒಂದು ಮನೆಯಿತ್ತು ಎನ್ನುವುದೇ ವ್ಯತ್ಯಾಸ. ವೆಂಕಟಪ್ಪನು ಅಪ್ಪಾ ಎಂದು ಕರೆದವನು ಅವನನ್ನು ಸೆರೆಯಲ್ಲಿಟ್ಟ ಸರ್ಕಾರದ ನೌಕರನಾಗಿದ್ದನು.

ಹೊಣೆ ಎಂಬ ಮಾತಿಗೆ ಎರಡು ಮುಖಗಳಿರುವುದು ಇಲ್ಲಿ ಸ್ಪಷ್ಟವಾಗುತ್ತದೆ. ತಾನು ತೀರಿಸದ ಸಾಲ, ತಾನು ತುಂಬದ ಬೊಕ್ಕಸ ಇವುಗಳ ಮುಂದೆ ಈ ತರುಣನು ಹೊಣೆಗಾರನಾಗಲಿಲ್ಲ. ಯಾರ ಮಾತು ಕೇಳಿ ಮಾಡಿದ್ದರೂ ತನ್ನದೇ ಆದ ಕೃತ್ಯದ ಮುಂದೆ ತಲೆ ಎತ್ತಿ ನಿಂತನು. ಸಂಸ್ಥಾನದ ಲೆಕ್ಕವನ್ನೂ ಅವನಿಗೆ ಎಳವೆಯಿಂದಲೇ ‘ನಿನ್ನದು’ ಎಂದು ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳಿಕೊಳ್ಳದೆ ಇರಲಾಗುವುದಿಲ್ಲ.

ಅರಮನೆಯ ಮಗನಿಗೆ ಹೀಗಾದರೆ ಗುಡಿಸಲಿನ ಮಗನ ಪಾಡೇನು? ಅಲ್ಲಿ ಸಮಸ್ಯೆ ತಿರುಗುಮುರುಗು. ತಾನು ತುಂಬದ ಬೊಕ್ಕಸವಲ್ಲ, ತಾನು ಮಾಡದ ಸಾಲ. ಜೀತದ ಪದ್ಧತಿಯಲ್ಲಿ ತಂದೆಯ ಸಾಲಕ್ಕೆ ಮಗ ದನ ಕಾಯಬೇಕಾಗಿತ್ತು, ಮಗನ ಹೆಸರಿನಲ್ಲಿ ಮೊಮ್ಮಗ. ಎಷ್ಟು ದುಡಿದರೂ ತೀರದ ಸಾಲದಿಂದ ಮಗುವೊಂದು ಹಣದ ಬಗ್ಗೆ ಏನು ಕಲಿತೀತು? ಲೆಕ್ಕಕ್ಕೂ ದುಡಿಮೆಗೂ ಸಂಬಂಧವಿಲ್ಲವೆಂಬ ಒಂದನ್ನೇ. 1976ರ ಜೀತ ಪದ್ಧತಿ ರದ್ದತಿ ಕಾಯಿದೆ ಇಂತಹ ಸಾಲಗಳನ್ನೇ ಅಳಿಸಿಹಾಕಿತು. ಸಂಸ್ಥಾನಗಳೂ ಜಾಗೀರುಗಳೂ ಅದಕ್ಕೆ ಮುನ್ನ, 1949ರಲ್ಲಿಯೇ ಹೋಗಿದ್ದವು. ಹಿಂದೂ ಕುಟುಂಬಗಳಲ್ಲಿ ತಂದೆಯ ಸಾಲ ತೀರಿಸುವುದು ಮಗನ ಧಾರ್ಮಿಕ ಕರ್ತವ್ಯವೆಂಬ ಹಳೆಯ ನಿಯಮದ ಆಧಾರದ ಮೇಲೆ ಸಾಲಗಾರನು ಮಗನನ್ನು ಹಿಡಿಯುವ ಹಕ್ಕನ್ನು 2005ರ ತಿದ್ದುಪಡಿ ಕೊನೆಗೊಳಿಸಿತು. ಈಗ ಮಕ್ಕಳು ಯಾವ ಮತದವರಾದರೂ, ತಂದೆ ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ ಅವನ ಸಾಲಕ್ಕೆ ಬಾಧ್ಯರು. ತಾವೇ ಜಾಮೀನು ಹಾಕಿದ್ದರೆ ಬೇರೆ ಮಾತು. ಈ ವಿಷಯ ತಿಳಿಯದೆ ಹೆದರಿ ಹೊಲ ಬರೆದುಕೊಟ್ಟವರು ಇರಬಹುದಾದ್ದರಿಂದ ಇಲ್ಲಿ ಹೇಳಿದೆ. ಕಾಯಿದೆ ಬಂದಿದ್ದರೂ ಮುಂಗಡ ಪಡೆದು ಗುಳೆ ಹೋಗುವ ಸಂಸಾರಗಳು ನಮ್ಮ ಭಾಗದಲ್ಲಿ ಈಗಲೂ ಇವೆ, ಆ ಮುಂಗಡ ತೀರುವವರೆಗೆ ಶಾಲೆ ಬಿಡುವ ಮಕ್ಕಳೂ ಇದ್ದಾರೆ. ಕಾಲ ಕೆಳಗೆ ಚಿನ್ನ ಹುದುಗಿರುವ ತಾಲೂಕು ಇದು. ಹಟ್ಟಿಯ ಗಣಿ ಗುರುಗುಂಟಾಕ್ಕೆ ದೂರವೇನಲ್ಲ.

ಸಣ್ಣವರ ಸಣ್ಣ ಹಣಕ್ಕೂ ಒಂದು ಪುಸ್ತಕ ಬೇಕು, ಅದರಲ್ಲಿ ಅವರದೇ ಹೆಸರಿರಬೇಕು ಎಂಬ ತಿಳಿವಳಿಕೆ ಕನ್ನಡ ನಾಡಿನಲ್ಲಿ ನಿಧಾನವಾಗಿ ಬೆಳೆಯಿತು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘ ನಮ್ಮಲ್ಲಿ ಪ್ರಸಿದ್ಧವಾಗಿದೆ. ಅಂದಿನ ಗ್ರಾಮೀಣ ಸಂಘಗಳಲ್ಲಿ ಒಬ್ಬನು ಸಾಲ ತಪ್ಪಿಸಿದರೆ ಉಳಿದವರೆಲ್ಲ ಹೊಣೆ. ಊರವರ ಕಣ್ಣೇ ಲೆಕ್ಕಪರಿಶೋಧಕ. ಇನ್ನೊಂದು ಉದಾಹರಣೆ ಕರಾವಳಿಯದು. 1925ರಲ್ಲಿ ಉಡುಪಿಯಲ್ಲಿ ನೇಕಾರರ ಕಷ್ಟ ನೋಡಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಅವರು ಸ್ಥಾಪಿಸಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾಯಿತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿದೆ. ಆ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತ. ಅದನ್ನು ಪಡೆಯಲು ಏಜೆಂಟನೇ ಮನೆಬಾಗಿಲಿಗೆ ಬರುತ್ತಿದ್ದನು. ಇದರ ಗುಟ್ಟು ಬಡ್ಡಿಯಲ್ಲಿರಲಿಲ್ಲ. ಸಂಜೆ ಅವನು ಬರುತ್ತಾನೆ, ಎರಡಾಣೆ ತೆಗೆದಿಡಬೇಕು ಎಂದು ಬೆಳಿಗ್ಗೆಯೇ ನೆನಪಾಗುತ್ತಿತ್ತಲ್ಲ, ಅಲ್ಲಿತ್ತು. ಪಿಗ್ಮಿ ಎಂಬ ಶಬ್ದವೇ ಮುಂದೆ ಕರ್ನಾಟಕದ ಅಂ‌ಗಡಿಬೀದಿಗಳ ಮಾತಾಯಿತು.

ಮಕ್ಕಳ ವಿಷಯಕ್ಕೆ ಬಂದರೆ, ಹತ್ತು ವರ್ಷ ತುಂಬಿದ ಮಗು ತನ್ನ ಖಾತೆಯನ್ನು ತಾನೇ ನಡೆಸಬಹುದೆಂಬ ನಿಯಮ ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿದೆ. ಹತ್ತು ದಾಟಿದ ಮಕ್ಕಳಿಗೆ ಅದೇ ಅವಕಾಶವನ್ನು ಕೊಡಬಹುದೆಂದು ರಿಸರ್ವ್ ಬ್ಯಾಂಕು ಕೂಡ ಬ್ಯಾಂಕುಗಳಿಗೆ ತಿಳಿಸಿದೆ. 2025ರಲ್ಲಿ ಆ ಸೂಚನೆಗಳನ್ನು ಪರಿಷ್ಕರಿಸಿದೆ. ಮೊತ್ತದ ಮಿತಿಯನ್ನು ಆಯಾ ಬ್ಯಾಂಕು ನಿಗದಿಪಡಿಸುತ್ತದೆ. ಅನೇಕ ಮನೆಗಳಲ್ಲಿ ಮಕ್ಕಳ ಹೆಸರಿನಲ್ಲಿ ಖಾತೆ ಇರುತ್ತದೆ, ವಿದ್ಯಾರ್ಥಿವೇತನ ಬರಲೆಂದು ತೆರೆದದ್ದು. ಪಾಸ್‌ಬುಕ್ಕು ಮಾತ್ರ ಕಪಾಟಿನ ಮೇಲಿನ ಅರೆಯಲ್ಲಿ, ತಂದೆಯ ಬೀಗದೊಳಗೆ. ಎಷ್ಟಿದೆಯೆಂದು ಮಗುವಿಗೆ ಗೊತ್ತಿರುವುದಿಲ್ಲ. ಟೇಲರನೂ ಹೀಗೆಯೇ ಬಹಳ ಜೋಪಾನವಾಗಿ ನೋಡಿಕೊಂಡಿದ್ದನು.

ಬ್ಯಾಂಕು ದೂರವಿದ್ದ ಮನೆಗಳಿಗೆ ಜಾತ್ರೆ ಸಾಕು. ಅಮರೇಶ್ವರನ ತೇರಿಗಾಗಲಿ ಧರ್ಮಕೇಂದ್ರದ ಹಬ್ಬಕ್ಕಾಗಲಿ ಹೊರಡುವ ಮುನ್ನ ಮಗುವಿನ ಪಾಲಿನ ಹಣವನ್ನು ಮನೆಯಲ್ಲಿಯೇ ಎಣಿಸಿ ಅದರ ಕೈಗೆ ಕೊಡಬಹುದು. ಅದು ಮೊದಲ ಅಂಗಡಿಯಲ್ಲಿಯೇ ಬಣ್ಣದ ಗಿರಗಿಟ್ಲೆಗೆ ಎಲ್ಲವನ್ನೂ ಕೊಟ್ಟುಬಿಟ್ಟು, ಮಿಠಾಯಿಯ ಮುಂದೆ ನಿಂತು ಅಳಲೂಬಹುದು. ಆಗ ಕಿಸೆಗೆ ಕೈ ಹಾಕದಿರುವುದು ತಂದೆಗೆ ಕಷ್ಟ. ಅಜ್ಜಿಗಂತೂ ಇನ್ನೂ ಕಷ್ಟ. ಗಿರಗಿಟ್ಲೆ ಮನೆಗೆ ಬರುವಷ್ಟರಲ್ಲಿ ಮುರಿದಿರುತ್ತದೆ. ಮುಂದಿನ ವರ್ಷ ಅದೇ ಮಗು ಮೂರು ಅಂಗಡಿ ನೋಡಿ, ಬೆಲೆ ಕೇಳಿ, ನಾಲ್ಕನೆಯದರ ಮುಂದೆ ನಿಂತು ಯೋಚಿಸುತ್ತದೆ.